ಗ್ರಂಥಾಲಯ ಸೂಚಿಯಲ್ಲಿ ಗ್ರಂಥಮಾಲೆಯ ಹೆಸರು: ಬೈಲಹೊಂಗಲ–ಸವದತ್ತಿ ಸೀಮೆಯಿಂದ ಒಂದು ಸಮೀಕ್ಷೆ

ಒಂದೇ ಸಾಮಾನ್ಯ ಹೆಸರಿನಡಿ, ಬಹುಮಟ್ಟಿಗೆ ಒಂದೇ ಪ್ರಕಾಶನದಿಂದ, ಒಂದರ ಹಿಂದೆ ಒಂದು ಹೊರಬರುವ ಪುಸ್ತಕಗಳ ಸಾಲು ಗ್ರಂಥಮಾಲೆ. ಸಾಲಿನ ಪ್ರತಿ ಪುಸ್ತಕಕ್ಕೂ ಸ್ವಂತ ಶೀರ್ಷಿಕೆ ಇರುತ್ತದೆ, ಹೆಚ್ಚಿನ ಸಲ ಬೇರೆ ಬೇರೆ ಲೇಖಕರಿರುತ್ತಾರೆ. ಅವನ್ನೆಲ್ಲ ಕೂಡಿಸುವುದು ಮಾಲೆಯ ಹೆಸರು ಮತ್ತು ಅದರೊಳಗಿನ ಕ್ರಮಸಂಖ್ಯೆ ಮಾತ್ರ. ಗ್ರಂಥಾಲಯದ ಸೂಚಿಯಲ್ಲಿ ಈ ಹೆಸರನ್ನು ಎಲ್ಲಿ, ಯಾವ ರೂಪದಲ್ಲಿ ಬರೆಯಬೇಕು, ಸಂಖ್ಯೆಯನ್ನು ಹೇಗೆ ಕೊಡಬೇಕು, ಮಾಲೆಯ ಹೆಸರು ಹಿಡಿದು ಹುಡುಕಿದವರಿಗೂ ಪುಸ್ತಕ ಸಿಗುವಂತೆ ಮಾಡಬೇಕೇ ಎಂಬ ಪ್ರಶ್ನೆಗಳು ಸೂಚೀಕರಣದ ಜೊತೆಗೇ ಬೆಳೆದು ಬಂದವು. ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಅವಕ್ಕೆ ಬಹುಪಾಲು ಉತ್ತರ ಸಿಕ್ಕಿದೆ. ಕನ್ನಡ ಪುಸ್ತಕಗಳ ವಿಷಯದಲ್ಲಿ ನಿಯಮಗಳನ್ನು ಹೊರಗಿನಿಂದ ತಂದುಕೊಂಡಿದ್ದಾಗಿದೆ; ಕನ್ನಡ ಪ್ರಕಾಶನದ ರೂಢಿಗೆ ಅವನ್ನು ಹೊಂದಿಸುವ ಕೆಲಸ ಇನ್ನೂ ಮುಗಿದಿಲ್ಲ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು ಈ ತೊಡಕನ್ನು ನೋಡಲು ತಕ್ಕ ಸ್ಥಳ. ಕಿತ್ತೂರು, ಸವದತ್ತಿಗಳಿಗೆ ಜಿಲ್ಲಾ ಕೇಂದ್ರಕ್ಕಿಂತ ಧಾರವಾಡವೇ ಹತ್ತಿರ; ಕನ್ನಡದ ಹೆಸರಾಂತ ಗ್ರಂಥಮಾಲೆಗಳಲ್ಲಿ ಹಲವು ಹುಟ್ಟಿದ್ದೂ ಅಲ್ಲಿಯೇ. ಮಠಗಳು ಪುಸ್ತಕ ಪ್ರಕಟಿಸುವ ಸಂಪ್ರದಾಯ ಈ ಭಾಗದಲ್ಲಿ ಗಟ್ಟಿಯಾಗಿದೆ. ಮಠದ ಪ್ರಕಟಣೆ ಹೆಚ್ಚಾಗಿ ಮಾಲೆಯ ರೂಪದಲ್ಲೇ ಬರುತ್ತದೆ. ಇವುಗಳ ಮೇಲೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪುಸ್ತಕಗಳು, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನ ಪುಸ್ತಕಗಳು, ದಾನವಾಗಿ ಬಂದ ಮನೆಯ ಸಂಗ್ರಹಗಳು ಸೇರುತ್ತವೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಮೊದಲು ಗ್ರಂಥಾಲಯ ಇಲಾಖೆಯಡಿ ಇದ್ದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋಗಿ, ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ಹೀಗೆ ಒಂದೇ ತಾಲೂಕಿನಲ್ಲಿ ಪಟ್ಟಣದ ಗ್ರಂಥಾಲಯ ಒಂದು ಇಲಾಖೆಯದು, ಹಳ್ಳಿಯದು ಇನ್ನೊಂದರದು, ಕಾಲೇಜಿನದು ಮೂರನೆಯ ಆಡಳಿತದ್ದು. ಪುಸ್ತಕ ಒಂದೇ ಆದರೂ ಅದರ ಮಾಲೆಯ ಹೆಸರು ಮೂರು ಕಡೆ ಮೂರು ಬಗೆಯಲ್ಲಿ ದಾಖಲಾಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮಾಲೆಯ ಹೆಸರನ್ನೇ ಹೇಳಿ ಪುಸ್ತಕ ಕೇಳುವ ಓದುಗರು ಕಡಿಮೆಯಿಲ್ಲ. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ ಪುಸ್ತಕ ಸಂಪದ’ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಮಕ್ಕಳಿಗಾಗಿ ಹೊರಟು 510 ಕಿರುಹೊತ್ತಿಗೆಗಳಾಗಿ ಬೆಳೆಯಿತು. ಶಾಲೆಯ ಭಾಷಣ ಸ್ಪರ್ಧೆಗೆ ತಯಾರಾಗುವ ಹುಡುಗಿಗಾಗಲಿ ಅವಳ ಶಿಕ್ಷಕರಿಗಾಗಲಿ ಒಂದೊಂದು ಹೊತ್ತಿಗೆಯ ಲೇಖಕರ ಹೆಸರು ನೆನಪಿರುವುದು ಅಪರೂಪ. ನೆನಪಿರುವುದು ಮಾಲೆಯ ಹೆಸರು. ಗದಗಿನ ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆ ತಂದ ಪುಣ್ಯಪುರುಷರ ಮಾಲೆ, ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆ, ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆ ಕೂಡ ಇಂಥವೇ. ಈ ಹೊತ್ತಿಗೆಗಳು ತೆಳ್ಳಗಿರುತ್ತವೆ, ಬೆನ್ನಿನ ಮೇಲೆ ಹೆಸರು ಅಚ್ಚಾಗುವಷ್ಟು ಜಾಗವೂ ಇರುವುದಿಲ್ಲ. ಸೂಚಿಯಲ್ಲಿ ಮಾಲೆಯ ದಾರಿ ಇಲ್ಲದಿದ್ದರೆ ಅವು ಕಪಾಟಿನಲ್ಲಿದ್ದೂ ಇಲ್ಲದಂತೆ ಆಗುತ್ತವೆ.

ಕನ್ನಡದಲ್ಲಿ ಮಾಲೆಯಾಗಿ ಪುಸ್ತಕ ತರುವ ರೂಢಿ ಬಹಳ ಹಳೆಯದು. ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಷನ್ ಮೂಲಕ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಕಾ’ ಎಂಬ ಹೆಸರಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿ ತಂದರು. ಮೂವತ್ತು ವರ್ಷ ಕಳೆದ ಮೇಲೆ, 1884ರಲ್ಲಿ, ಬಿ.ಎಲ್. ರೈಸ್ ಮೈಸೂರು ಸರ್ಕಾರದ ಪರವಾಗಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ವನ್ನು ಆರಂಭಿಸಿದರು, ‘ಕರ್ಣಾಟಕ ಭಾಷಾಭೂಷಣ’ ಅದರ ಮೊದಲ ಗ್ರಂಥ. ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ 1898ರಲ್ಲಿ ಬಂದದ್ದು ಇದೇ ಎರಡನೆಯ ಮಾಲೆಯಲ್ಲಿ. ಎರಡು ಹೆಸರುಗಳ ನಡುವಿನ ಅಂತರ ಒಂದು ಸ್ವರದ್ದು. ಅವಸರದ ಸೂಚಿಕಾರನ ಕೈಯಲ್ಲಿ ಎರಡೂ ಒಂದಾಗಿ, ಮಂಗಳೂರಿನ ಕಲ್ಲಚ್ಚಿನ ಬಸವಪುರಾಣವೂ ಮೈಸೂರು ಸರ್ಕಾರದ ಕವಿರಾಜಮಾರ್ಗವೂ ಒಂದೇ ಮಾಲೆಯ ಪುಸ್ತಕಗಳೆಂದು ಕಾಣಿಸುತ್ತವೆ. ಹೆಸರು ಒಂದೇ ಅಥವಾ ಬಹುತೇಕ ಒಂದೇ ಆಗಿರುವ ಮಾಲೆಗಳಿಗೆ ಊರನ್ನೋ ಸಂಸ್ಥೆಯನ್ನೋ ಆವರಣದಲ್ಲಿ ಸೇರಿಸಿ ಬೇರ್ಪಡಿಸಬೇಕೆಂಬ ನಿಯಮ ಹುಟ್ಟಿದ್ದು ಇಂಥ ಪ್ರಸಂಗಗಳಿಗಾಗಿಯೇ: ಬಿಬ್ಲಿಯೋಥಿಕಾ ಕರ್ನಾಟಕಾ (ಮಂಗಳೂರು), ಬಿಬ್ಲಿಯೋಥಿಕಾ ಕರ್ನಾಟಿಕಾ (ಮೈಸೂರು ಸರ್ಕಾರ). ಮಠಗಳ ಮಾಲೆಗಳ ವಿಷಯದಲ್ಲಂತೂ ಇದು ದಿನನಿತ್ಯದ ಅಗತ್ಯ. ‘ಶ್ರೀ ಬಸವೇಶ್ವರ ಗ್ರಂಥಮಾಲೆ’ ಎಂಬಂಥ ಹೆಸರನ್ನು ಎಷ್ಟು ಊರುಗಳ ಎಷ್ಟು ಸಂಸ್ಥೆಗಳು ಬೇಕಾದರೂ ಇಟ್ಟುಕೊಳ್ಳಬಹುದು.

ನಿಯಮಗಳ ಕಡೆಗೆ ಬಂದರೆ, ಭಾರತದಲ್ಲಿ ಈ ವಿಷಯವನ್ನು ಮೊದಲು ಸ್ಪಷ್ಟವಾಗಿ ಬರೆದವರು ಎಸ್.ಆರ್. ರಂಗನಾಥನ್. 1934ರ ಅವರ ಸೂಚೀಕರಣ ಸಂಹಿತೆಯ ಪ್ರಕಾರ ಮುಖ್ಯ ನಮೂದಿನ ಕೊನೆಗೆ ದುಂಡು ಆವರಣದೊಳಗೆ ಮಾಲೆಯ ಹೆಸರು, ಸಂಪಾದಕರಿದ್ದರೆ ಅವರ ಹೆಸರು, ಕ್ರಮಸಂಖ್ಯೆ ಬರಬೇಕು. ಆ ಮಾಲೆಯ ಹೆಸರಿನಿಂದಲೇ ಇನ್ನೊಂದು ಸೂಚಿ ಕಾರ್ಡು ಆಗಬೇಕು. ಈ ಎರಡನೆಯ ಮಾತೇ ಮುಖ್ಯ. ಆವರಣದಲ್ಲಿ ಬರೆದಿಟ್ಟ ಹೆಸರು, ಪುಸ್ತಕ ಆಗಲೇ ಸಿಕ್ಕಿದವರಿಗೆ ಮಾಹಿತಿ. ಪುಸ್ತಕ ಹುಡುಕುತ್ತಿರುವವರಿಗೆ ದಾರಿಯಾಗುವುದು ಬೇರೆ ಕಾರ್ಡು. ಓದುಗನ ವೇಳೆ ಉಳಿಸಬೇಕೆಂದು 1931ರಲ್ಲೇ ಬರೆದ ರಂಗನಾಥನ್‌ರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು.

1978ರ ಆಂಗ್ಲೋ-ಅಮೆರಿಕನ್ ನಿಯಮಗಳ ಎರಡನೆಯ ಆವೃತ್ತಿಯೂ ಅಂತರರಾಷ್ಟ್ರೀಯ ಗ್ರಂಥವಿವರಣೆಯ ಮಾನಕವೂ ಮಾಲೆಗೆ ಆರನೆಯ ಸ್ಥಾನ ಕೊಟ್ಟವು. ಶೀರ್ಷಿಕೆ, ಆವೃತ್ತಿ, ಪ್ರಕಟಣೆಯ ವಿವರ, ಪುಟ ಮತ್ತು ಅಳತೆ ಎಲ್ಲ ಮುಗಿದ ಮೇಲೆ ದುಂಡು ಆವರಣದಲ್ಲಿ ಮಾಲೆಯ ಹೆಸರು, ಅದರ ಮುಂದೆ ಜಾಗ ಬಿಟ್ಟು ಅರ್ಧವಿರಾಮ, ಮತ್ತೆ ಜಾಗ ಬಿಟ್ಟು ಸಂಖ್ಯೆ. ಪುಸ್ತಕ ಎರಡು ಮಾಲೆಗಳಿಗೆ ಸೇರಿದ್ದರೆ ಎರಡಕ್ಕೂ ಬೇರೆ ಬೇರೆ ಆವರಣ. ಮಾಲೆಯ ಹೆಸರು ಎರಡು ಭಾಷೆಗಳಲ್ಲಿದ್ದರೆ ನಡುವೆ ಸಮ ಚಿಹ್ನೆ. ಪ್ರಧಾನ ಸಂಪಾದಕರ ಹೆಸರನ್ನು ಈ ನಿಯಮಗಳು ರಂಗನಾಥನ್‌ರಷ್ಟು ಕಡ್ಡಾಯ ಮಾಡಲಿಲ್ಲ. ಮಾಲೆಯನ್ನು ಗುರುತಿಸಲು ಬೇಕಾದರೆ ಮಾತ್ರ ಕೊಟ್ಟರೆ ಸಾಕು ಎಂದವು. ಕನ್ನಡದ ಮಟ್ಟಿಗೆ ರಂಗನಾಥನ್‌ರ ಕ್ರಮವೇ ಮೇಲು. ಇಲ್ಲಿ ಒಂದು ಮಾಲೆಯನ್ನು ಓದುಗರು ಹೆಚ್ಚಾಗಿ ಗುರುತು ಹಿಡಿಯುವುದು ಅದರ ಹಿಂದೆ ನಿಂತ ವ್ಯಕ್ತಿಯ ಹೆಸರಿನಿಂದ.

ಗಣಕೀಕರಣದಲ್ಲಿ ಇದೇ ವ್ಯವಸ್ಥೆ ಮಾರ್ಕ್ 21 ಎಂಬ ದಾಖಲೆಯ ರೂಪಕ್ಕೆ ಇಳಿಯಿತು. ಬಹುಕಾಲ 440 ಎಂಬ ಒಂದೇ ಅಂಕಣ ಎರಡು ಕೆಲಸ ಮಾಡುತ್ತಿತ್ತು: ಪುಸ್ತಕದಲ್ಲಿ ಅಚ್ಚಾದ ಹೆಸರನ್ನು ತೋರಿಸುವುದು ಮತ್ತು ಆ ಹೆಸರಿನಿಂದ ಹುಡುಕಲು ಕೊಡುವುದು. 2008ರಲ್ಲಿ ಅದನ್ನು ಕೈಬಿಡಲಾಯಿತು. ಈಗ 490ರಲ್ಲಿ ಪುಸ್ತಕದಲ್ಲಿ ಕಂಡ ಹಾಗೆಯೇ ಹೆಸರು, 830ರಲ್ಲಿ ಗ್ರಂಥಾಲಯ ಒಪ್ಪಿಕೊಂಡ ಸ್ಥಿರ ರೂಪ. ಎರಡರಲ್ಲೂ ಸಂಖ್ಯೆಗೆ ಬೇರೆ ಉಪಅಂಕಣ. ಒಬ್ಬರೇ ಬರೆದ ಮಾಲೆಗೆ 800, ಸಂಸ್ಥೆಯ ಹೆಸರಿನಡಿ ಬರುವ ಮಾಲೆಗೆ 810. ಈ ಬೇರ್ಪಡಿಕೆ ಕನ್ನಡಕ್ಕೆ ವರದಾನ. ಯಾಕೆಂದರೆ ಕನ್ನಡ ಪ್ರಕಾಶಕರು ತಮ್ಮ ಮಾಲೆಯ ಹೆಸರನ್ನೇ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗಿ ಅಚ್ಚು ಹಾಕುತ್ತಾರೆ. ಅಚ್ಚಾದದ್ದನ್ನು ಅಚ್ಚಾದಂತೆ ಉಳಿಸಿಕೊಂಡೂ ಒಂದೇ ಹೆಸರಿನಡಿ ಎಲ್ಲವನ್ನೂ ತರಲು ಇದರಿಂದ ಸಾಧ್ಯವಾಗುತ್ತದೆ.

ಮಾಲೆಯ ಹೆಸರಿಗೆ ಸ್ಥಿರ ರೂಪ ಕೊಡುವುದು ದುಬಾರಿ ಕೆಲಸವೆಂದು ದೊಡ್ಡ ಗ್ರಂಥಾಲಯಗಳೂ ಹಿಂದೆ ಸರಿದದ್ದುಂಟು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2006ರ ಜೂನ್ 1ರಿಂದ ಮಾಲೆಗಳ ಅಧಿಕೃತ ದಾಖಲೆ ಮಾಡುವುದನ್ನು ನಿಲ್ಲಿಸಿತು; ಶೀರ್ಷಿಕೆಯ ಪದಗಳಿಂದಲೇ ಗಣಕ ಹುಡುಕಿಕೊಡುತ್ತದೆ ಎಂಬುದು ಅದರ ವಾದವಾಗಿತ್ತು. ಆ ದೇಶದ ಗ್ರಂಥಪಾಲಕರಲ್ಲಿ ಬಹಳ ಮಂದಿ ಇದನ್ನು ಒಪ್ಪಲಿಲ್ಲ. ಕಾಗುಣಿತ ಒಂದೇ ತೆರನಾಗಿ ನಿಂತಿರುವ ಭಾಷೆಯಲ್ಲಿ ಆ ವಾದಕ್ಕೆ ಅಷ್ಟಿಷ್ಟು ಬಲವಿದೆ. ಕನ್ನಡದಲ್ಲಿ ಅದು ನಿಲ್ಲುವುದಿಲ್ಲ.

ಕನ್ನಡ ಪುಸ್ತಕವನ್ನು ಕೈಗೆತ್ತಿಕೊಂಡ ಸೂಚಿಕಾರರಿಗೆ ಮೊದಲು ಎದುರಾಗುವುದು ವಿರಾಮಚಿಹ್ನೆಯ ಪ್ರಶ್ನೆಯಲ್ಲ, ಇದು ಮಾಲೆಯೇ ಅಥವಾ ಪ್ರಕಾಶಕರ ಹೆಸರೇ ಎಂಬ ಪ್ರಶ್ನೆ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು ತೆಗೆದುಕೊಳ್ಳಬಹುದು. ಜಿ.ಬಿ. ಜೋಶಿಯವರು 1933ರಲ್ಲಿ ಅದನ್ನು ಆರಂಭಿಸಿದಾಗ, ವರ್ಷಕ್ಕಿಷ್ಟು ಪುಸ್ತಕ ಎಂದು ಚಂದಾದಾರರಿಗೆ ಕಳಿಸುವ ಮಾಲೆಯೇ ಅದರ ರೂಪವಾಗಿತ್ತು. ಮುಂದೆ ಅದೇ ಹೆಸರು ಪ್ರಕಾಶನ ಸಂಸ್ಥೆಯದಾಗಿ ಉಳಿಯಿತು. ಗಿರೀಶ ಕಾರ್ನಾಡರ ‘ಯಯಾತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965), ಎ.ಕೆ. ರಾಮಾನುಜನ್‌ರ ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಬಂದದ್ದು ಅಲ್ಲಿಂದ. ಇವುಗಳ ದಾಖಲೆಯಲ್ಲಿ ‘ಮನೋಹರ ಗ್ರಂಥಮಾಲೆ’ ಪ್ರಕಾಶಕರ ಜಾಗದಲ್ಲಿ ಬರಬೇಕು. ಹೆಸರಿನ ಕೊನೆಗೆ ‘ಮಾಲೆ’ ಎಂದಿದೆಯೆಂದು ಅದನ್ನು ಆವರಣದಲ್ಲಿ ಹಾಕಿ, ಪ್ರಕಾಶಕರ ಜಾಗವನ್ನು ಖಾಲಿ ಬಿಟ್ಟರೆ ಅಥವಾ ಮುದ್ರಣಾಲಯದ ಹೆಸರಿನಿಂದ ತುಂಬಿದರೆ ಎರಡೂ ಕೆಟ್ಟಂತೆ. ಆದರೆ ಹಳೆಯ ಪ್ರತಿಯೊಂದರಲ್ಲಿ ಮಾಲೆಯ ಇಷ್ಟನೆಯ ಪುಸ್ತಕ ಎಂದು ಸಂಖ್ಯೆಯೂ ಅಚ್ಚಾಗಿದ್ದರೆ ಅದೇ ಹೆಸರು ಎರಡು ಜಾಗಗಳಲ್ಲೂ ಬರುವುದು ಸರಿ. ಇಂಥ ಕಡೆ ಗಟ್ಟಿ ಪರೀಕ್ಷೆ ಸಂಖ್ಯೆಯೇ: ಕ್ರಮಸಂಖ್ಯೆ ಇದ್ದರೆ ಮಾಲೆ, ಇಲ್ಲದಿದ್ದರೆ ಪ್ರಕಾಶಕರು.

ಹೆಸರಿನ ಕೊನೆಯ ಪದ ಯಾವುದನ್ನೂ ಖಚಿತವಾಗಿ ಹೇಳುವುದಿಲ್ಲ ಎಂಬುದಕ್ಕೆ ‘ಪುಸ್ತಕಾಲಯ’ವೂ ಸಾಕ್ಷಿ. ಧಾರವಾಡದ ಸಮಾಜ ಪುಸ್ತಕಾಲಯ ಒಂದು ಪ್ರಕಾಶನ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಕ್ಕಳ ಪುಸ್ತಕಗಳ ಮಾಲೆ. ಎರಡೂ ಗ್ರಂಥಾಲಯಗಳಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಪರಿಗ್ರಹಣ ವಹಿಯಲ್ಲಿ ಇವೆರಡಕ್ಕೂ ಇರುವುದು ‘ಪ್ರಕಾಶಕರು’ ಎಂಬ ಒಂದೇ ಕಲಂ. ಮಾಲೆಗೆಂದು ಕಲಂ ಇಲ್ಲದ ವಹಿಯಿಂದ ನಾಳೆ ಗಣಕದ ದಾಖಲೆ ತಯಾರಾದರೆ ಮಾಲೆಯ ಮಾಹಿತಿ ಅಲ್ಲಿಗೆ ಮುಗಿದ ಹಾಗೆ. ಆಮೇಲೆ ಒಂದೊಂದು ಪುಸ್ತಕವನ್ನೂ ಮತ್ತೆ ಕಪಾಟಿನಿಂದ ತೆಗೆದು ನೋಡಬೇಕಾಗುತ್ತದೆ.

ಎರಡನೆಯ ಗಂಟು ಮಾಲೆ ಮತ್ತು ಸಂಪುಟಗಳ ನಡುವಿನದು. ಒಂದು ಕೃತಿ ಹಲವು ಸಂಪುಟಗಳಲ್ಲಿ ಬಂದರೆ ಅದು ಮಾಲೆಯಲ್ಲ. ಇಷ್ಟು ಸಂಪುಟಗಳಿಗೆ ಮುಗಿಯುತ್ತದೆಂಬ ಯೋಜನೆ ಅದಕ್ಕಿರುತ್ತದೆ. ಮಾಲೆಗೆ ಮುಗಿಯುವ ಗೊತ್ತು ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ಹೀಗೆ ಹೇಳುವುದು ಸುಲಭ, ಕೈಯಲ್ಲಿ ಪುಸ್ತಕ ಹಿಡಿದಾಗ ಅಲ್ಲ. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ ತಂದ ‘ವಿಶ್ವಕಥಾಕೋಶ’ 25 ಸಂಪುಟಗಳಿಗೆ ಮುಗಿದ ಯೋಜನೆ. ಆದರೆ ಪ್ರತಿ ಸಂಪುಟಕ್ಕೂ ಬೇರೆ ಹೆಸರಿದೆ, ಮೊದಲನೆಯದು ‘ಧರಣಿ ಮಂಡಲ ಮಧ್ಯದೊಳಗೆ’. ಒಂದೇ ದಾಖಲೆಯಲ್ಲಿ 25 ಸಂಪುಟಗಳನ್ನು ತೋರಿಸಿದರೆ ಆ ಹೆಸರುಗಳು ಕಳೆದುಹೋಗುತ್ತವೆ. ಬೇರೆ ಬೇರೆ ದಾಖಲೆ ಮಾಡಿ ‘ವಿಶ್ವಕಥಾಕೋಶ’ವನ್ನು ಮಾಲೆಯ ಜಾಗದಲ್ಲಿ ಇಡುವುದೇ ಓದುಗರಿಗೆ ಒಳ್ಳೆಯದು. ಶಾಸ್ತ್ರದ ಪ್ರಕಾರ ಇದು ಸಂಪುಟಸಮೂಹವಾದರೂ ಸೂಚಿಯಲ್ಲಿ ಮಾಲೆಯಂತೆ ನಡೆಸಿಕೊಂಡರೆ ತಪ್ಪಿಲ್ಲ.

‘ಸಮಗ್ರ ವಚನ ಸಂಪುಟ’ ಇನ್ನೂ ಕುತೂಹಲದ್ದು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ತಂದ ಈ 15 ಸಂಪುಟಗಳಲ್ಲಿ ಮೊದಲ ನಾಲ್ಕು ಬಸವಣ್ಣ, ಅಲ್ಲಮ, ಚನ್ನಬಸವಣ್ಣ, ಸಿದ್ಧರಾಮರವು. ಐದನೆಯದು ವೀರಣ್ಣ ರಾಜೂರರು ಸಂಪಾದಿಸಿದ ‘ಶಿವಶರಣೆಯರ ವಚನಸಂಪುಟ’. ಆರರಿಂದ ಹದಿನಾಲ್ಕರವರೆಗಿನವು ‘ಸಂಕೀರ್ಣ ವಚನ ಸಂಪುಟ’ಗಳು, ಅವಕ್ಕೆ 1ರಿಂದ 9ರವರೆಗೆ ತಮ್ಮದೇ ಸಂಖ್ಯೆಯೂ ಇದೆ. ಅಂದರೆ ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆ. ವಚನ ಸಾಹಿತ್ಯ ಇಷ್ಟು ಓದಿಸಿಕೊಳ್ಳುವ ಈ ನಾಲ್ಕು ತಾಲೂಕುಗಳಲ್ಲಿ ‘ಸಂಕೀರ್ಣ ವಚನದ ಎರಡನೆಯ ಸಂಪುಟ’ ಕೇಳಿದವರಿಗೆ ಅಲ್ಲಮನ ವಚನಗಳ ಸಂಪುಟ, ಅಂದರೆ ಸಮಗ್ರದ ಎರಡನೆಯದು, ಸಿಗುವ ಸಂಭವ ಇದ್ದೇ ಇದೆ. ಮಾನಕದ ಪ್ರಕಾರ ಸರಿಯಾದ ರೂಪ ಹೀಗೆ:

(ಸಮಗ್ರ ವಚನ ಸಂಪುಟ ; 7. ಸಂಕೀರ್ಣ ವಚನ ಸಂಪುಟ ; 2)

ದೊಡ್ಡ ಸಾಲಿನ ಹೆಸರು ಮತ್ತು ಸಂಖ್ಯೆ ಮೊದಲು, ಪೂರ್ಣವಿರಾಮ, ಆಮೇಲೆ ಒಳಸಾಲಿನ ಹೆಸರು ಮತ್ತು ಸಂಖ್ಯೆ. ಒಂದು ಸಾಲಿನ ಬರಹದಲ್ಲಿ ಗೊಂದಲ ಪೂರ್ತಿ ತೀರುತ್ತದೆ. ಎರಡು ಹೆಸರುಗಳಿಂದಲೂ ಹುಡುಕಲು ಎರಡು ನಮೂದು ಕೊಡುವುದನ್ನು ಮಾತ್ರ ಮರೆಯಬಾರದು. ಕಲಬುರ್ಗಿಯವರದೇ ‘ಮಾರ್ಗ’ ಇನ್ನೊಂದು ಬಗೆ: ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ‘ಮಾರ್ಗ’ ಶೀರ್ಷಿಕೆಯೇ, 4 ಸಂಪುಟದ ಸಂಖ್ಯೆ. ಮಾಲೆಯ ಆವರಣಕ್ಕೆ ಅದನ್ನು ತರಬೇಕಿಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರ ಬರಹಗಳನ್ನು ಒಟ್ಟುಗೂಡಿಸಿದ ಸಂಪುಟಗಳದೂ ಇದೇ ಕ್ರಮ. ಆದರೆ ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯನ್ನು ಕೇಳುವವರು ಅದು ಯಾವ ಸಂಪುಟದಲ್ಲಿದೆಯೆಂದು ತಿಳಿದು ಬರುವುದಿಲ್ಲ. ಸಂಪುಟದ ಒಳಗಿನ ಕೃತಿಗಳ ಹೆಸರನ್ನು ಒಳಪಿಡಿಯ ಟಿಪ್ಪಣಿಯಾಗಿ ಬರೆಯಲೇಬೇಕು.

ಸಂಖ್ಯೆಯ ಬಗ್ಗೆ ಬರೆಯುವುದು ಬಹಳವಿದೆ. ಕನ್ನಡದ ಮಾಲೆಗಳು ತಮ್ಮ ಪುಸ್ತಕಗಳನ್ನು ‘ಸಂಖ್ಯೆ’ ಎಂದು ಎಣಿಸುವುದಕ್ಕಿಂತ ‘ಪುಷ್ಪ’, ‘ಕುಸುಮ’, ‘ಮಣಿ’ ಎಂದು ಎಣಿಸಿದ್ದೇ ಹೆಚ್ಚು. ‘ಗ್ರಂಥಮಾಲೆಯ ಹನ್ನೆರಡನೆಯ ಪುಷ್ಪ’ ಎಂದು ಅಕ್ಷರಗಳಲ್ಲಿ ಅಚ್ಚಾದದ್ದನ್ನು ಸೂಚಿಯಲ್ಲಿ ‘ಪುಷ್ಪ 12’ ಎಂದು ಬರೆಯುವುದು ಉಚಿತ. ಪುಷ್ಪ ಎಂಬ ಮಾತನ್ನು ಅಳಿಸಿ ‘ಸಂಖ್ಯೆ’ ಎಂದು ಬದಲಿಸಬಾರದು, ಅದು ಆ ಮಾಲೆಯ ಗುರುತು. ಗಣಕದ ಸಂಖ್ಯೆಯ ಅಂಕಣದಲ್ಲೂ ಅದು ಇರಲಿ. ಸಾಲು ಜೋಡಿಸುವಾಗ ಅಂಕಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ತಂತ್ರಾಂಶವನ್ನು ಹೊಂದಿಸಬಹುದು. ಅದಾಗದಿದ್ದರೆ 1ರ ಹಿಂದೆ 10, ಅದರ ಹಿಂದೆ 100, ಆಮೇಲೆ 2 ಬರುತ್ತದೆ. 510 ಪುಸ್ತಕಗಳ ಮಾಲೆಯಲ್ಲಿ ಹೀಗಾದರೆ ಯಾವ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲವೆಂದು ಗುರುತಿಸುವುದೇ ಅಸಾಧ್ಯ. ಸಂಖ್ಯೆಯನ್ನು 001, 002 ಎಂದು ಮೂರು ಅಂಕಿಗಳಲ್ಲಿ ತುಂಬುವ ಹಳೆಯ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಕೆಲವು ಮಾಲೆಗಳು ವರ್ಷದ ಲೆಕ್ಕ ಇಟ್ಟು, ವರ್ಷ 5 ಪುಷ್ಪ 2 ಎಂದು ಎರಡು ಹಂತಗಳಲ್ಲಿ ಎಣಿಸುತ್ತವೆ. ಆಗ ಎರಡನ್ನೂ ಅದೇ ಅನುಕ್ರಮದಲ್ಲಿ ಬರೆಯಬೇಕು.

ಕನ್ನಡ ಅಂಕಿಗಳದು ಇನ್ನೊಂದು ಪ್ರಶ್ನೆ. ಧಾರವಾಡ ಭಾಗದ ಹಳೆಯ ಪುಸ್ತಕಗಳಲ್ಲಿ ೧೨ ಎಂದು ಅಚ್ಚಾಗಿರುವುದೇ ಸಹಜ. ಕಣ್ಣಿಗೆ ಎರಡೂ ಹನ್ನೆರಡೇ. ಗಣಕಕ್ಕೆ, ಹೇಳಿಕೊಡದಿದ್ದರೆ, ೧೨ ಮತ್ತು 12 ಬೇರೆ ಬೇರೆ ಅಕ್ಷರಗಳು. ವಿವರಣೆಯ ಅಂಕಣದಲ್ಲಿ ಪುಸ್ತಕದಲ್ಲಿದ್ದಂತೆ ಕನ್ನಡ ಅಂಕಿ, ಹುಡುಕುವ ಅಂಕಣದಲ್ಲಿ ಎಲ್ಲ ಪುಸ್ತಕಗಳಿಗೂ ಒಂದೇ ಬಗೆಯ ಅಂಕಿ ಎಂಬ ಕಟ್ಟುಪಾಡು ಸಾಕು. ಮೊದಲ ಪುಸ್ತಕದ ಸಂಖ್ಯೆ 1 ಆಗಿರಲೇಬೇಕೆಂದು ತಿಳಿಯುವುದೂ ತಪ್ಪು. ಅಮರ ಚಿತ್ರಕಥೆಯ ‘ಕೃಷ್ಣ’ ಆ ಮಾಲೆಯ ಮೊದಲ ಭಾರತೀಯ ಕಥೆ. ಅದರ ಸಂಖ್ಯೆ ಮಾತ್ರ 11, ಯಾಕೆಂದರೆ ಹಿಂದಿನ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳವು. ಸಂಖ್ಯೆಯನ್ನು ಸೂಚಿಕಾರ ತಿದ್ದಬಾರದು. ಅಚ್ಚಿನಲ್ಲಿ ತಪ್ಪಿದ್ದರೆ ಟಿಪ್ಪಣಿಯಲ್ಲಿ ಹೇಳಬೇಕು.

ಹೆಸರಿನ ರೂಪ ಎಲ್ಲಕ್ಕಿಂತ ಹೆಚ್ಚು ಕಾಡುವ ಭಾಗ. ಇಂಗ್ಲಿಷ್ ಸೂಚಿಗಳಲ್ಲಿ ಮಾಲೆಯ ಹೆಸರಿನ ಯಾವ ಅಕ್ಷರ ದೊಡ್ಡದು, ಯಾವುದು ಚಿಕ್ಕದು, ಓರೆಯಚ್ಚು ಬೇಕೇ ಎಂಬ ಚರ್ಚೆಗೆ ಜಾಗವುಂಟು. ಕನ್ನಡ ಲಿಪಿಯಲ್ಲಿ ಅದು ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಪದಗಳನ್ನು ಕೂಡಿಸಿ ಬರೆಯುವ, ಬಿಡಿಸಿ ಬರೆಯುವ ಸಮಸ್ಯೆ ಇದೆ. ಗ್ರಂಥಮಾಲೆ, ಗ್ರಂಥ ಮಾಲೆ, ಗ್ರಂಥಮಾಲಾ, ಗ್ರಂಥಮಾಲಿಕೆ ಇವೆಲ್ಲ ಒಂದೇ ಪ್ರಕಾಶಕರ ಬೇರೆ ಬೇರೆ ಪುಸ್ತಕಗಳಲ್ಲಿ ಕಾಣುತ್ತವೆ. ಕೆಲವು ಸಲ ಒಂದೇ ಪುಸ್ತಕದ ಹೊದಿಕೆಯ ಮೇಲೆ ಒಂದು, ಒಳಪುಟದಲ್ಲಿ ಇನ್ನೊಂದು. ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪ್ರಕಟಣೆಯ ವಿವರಗಳನ್ನು ಇಂಗ್ಲಿಷಿನಲ್ಲಿ ಕೊಡುವ ರೂಢಿಯೂ ಇದೆ. ಮಾಲೆಯ ಹೆಸರು ಅಲ್ಲಿ ಮೂರನೆಯ ರೂಪ ತಾಳುತ್ತದೆ. ನಿಯಮದ ಪ್ರಕಾರ ಆಯ್ಕೆಯ ಕ್ರಮ ಇಷ್ಟೆ: ಮಾಲೆಗೆಂದೇ ಬೇರೆ ಶೀರ್ಷಿಕೆ ಪುಟ ಇದ್ದರೆ ಅದು, ಇಲ್ಲದಿದ್ದರೆ ಪುಸ್ತಕದ ಶೀರ್ಷಿಕೆ ಪುಟ, ಆಮೇಲೆ ಹೊದಿಕೆ, ಕೊನೆಗೆ ಉಳಿದ ಪುಟಗಳು. ಪುಸ್ತಕದ ಹೊರಗಿನಿಂದ ತಂದ ಹೆಸರಾದರೆ ಚೌಕ ಆವರಣ.

ಸ್ಥಿರ ರೂಪವನ್ನು ಗೊತ್ತು ಮಾಡುವಾಗ ಪದಗಳನ್ನು ಕೂಡಿಸಿ ಬರೆಯುವುದೇ ಕನ್ನಡದ ಜಾಯಮಾನಕ್ಕೆ ಒಪ್ಪುತ್ತದೆ. ‘ಗ್ರಂಥಮಾಲೆ’ ಒಂದು ಪದ, ಅದನ್ನು ಒಡೆಯಬೇಕಿಲ್ಲ. ಉಳಿದ ರೂಪಗಳಿಂದ ಇದಕ್ಕೆ ‘ನೋಡಿ’ ಎಂಬ ಅಡ್ಡ ಉಲ್ಲೇಖ ಕೊಟ್ಟರಾಯಿತು. ಹೆಸರಿನ ಆರಂಭದಲ್ಲಿ ಬರುವ ‘ಶ್ರೀ’, ‘ಜಗದ್ಗುರು’, ‘ಪೂಜ್ಯ’ಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಇಂಗ್ಲಿಷಿನ ಆರಂಭದ ‘ಎ’, ‘ದಿ’ಯಂಥ ಉಪಪದಗಳನ್ನು ಅಕಾರಾದಿಯಲ್ಲಿ ಎಣಿಸದೆ ಬಿಡಲು ಮಾರ್ಕ್ 21ರಲ್ಲಿ ಸೂಚಕ ಅಂಕಿಯೊಂದಿದೆ. ಗೌರವಸೂಚಕಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗೆಂದು ಎಲ್ಲ ಮಠಗಳ ಮಾಲೆಗಳನ್ನೂ ‘ಶ್ರೀ’ಯ ಅಡಿಯಲ್ಲಿ ಸುರಿದರೆ ಓದುಗರಿಗೆ ಅದರಿಂದ ಪ್ರಯೋಜನವಿಲ್ಲ. ಅಚ್ಚಾದ ರೂಪವನ್ನು 490ರಲ್ಲಿ ಗೌರವಸೂಚಕದೊಂದಿಗೆ ಹಾಗೆಯೇ ಉಳಿಸಿ, ಸ್ಥಿರ ರೂಪವನ್ನು ಗೌರವಸೂಚಕವಿಲ್ಲದೆ ಕಟ್ಟುವುದು ಒಳ್ಳೆಯದು. ಇದು ಅಗೌರವವಲ್ಲ, ಆ ಮಠದ ಪುಸ್ತಕ ಕೇಳಿದವರ ಕೈ ಸೇರಲಿ ಎಂಬ ಕಾಳಜಿ.

ಊರು ಮತ್ತು ವ್ಯಕ್ತಿಗಳ ಹೆಸರುಗಳೂ ಹೀಗೆಯೇ. ಕಿತ್ತೂರು, ಕಿತ್ತೂರ, ಚೆನ್ನಮ್ಮ, ಚನ್ನಮ್ಮ, ಸವದತ್ತಿ, ಸೌದತ್ತಿ. ಮಾಲೆಯ ಹೆಸರಿನಲ್ಲೇ ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರು ಸೇರಿದ್ದರೆ ಒಂದು ಎಕಾರದ ವ್ಯತ್ಯಾಸಕ್ಕೆ ಪುಸ್ತಕಗಳು ಎರಡು ಗುಂಪಾಗುತ್ತವೆ. ಸದಾಶಿವ ಒಡೆಯರ್ ಅವರು ಚೆನ್ನಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1977ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್‌ನ ರಾಷ್ಟ್ರೀಯ ಜೀವನಚರಿತ್ರೆ ಮಾಲೆಯಲ್ಲಿ ಬಂತು. ಆ ಮಾಲೆಗೆ ಇಂಗ್ಲಿಷ್, ಹಿಂದಿ, ಕನ್ನಡಗಳಲ್ಲಿ ಬೇರೆ ಬೇರೆ ಹೆಸರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಭಾರತೀಯ ಸಾಹಿತ್ಯ ನಿರ್ಮಾಪಕರ ಮಾಲೆಯದೂ ಅದೇ ಕಥೆ. ಪ್ರತಿ ಭಾಷೆಯ ರೂಪವನ್ನೂ ಅದರದೇ ಸ್ಥಿರ ಹೆಸರಿನಲ್ಲಿಟ್ಟು ಒಂದರಿಂದ ಇನ್ನೊಂದಕ್ಕೆ ಉಲ್ಲೇಖ ಕೊಡುವುದು ಸರಿ. ಕನ್ನಡ ಪುಸ್ತಕದ ದಾಖಲೆಯಲ್ಲಿ ಇಂಗ್ಲಿಷ್ ಮಾಲೆಯ ಹೆಸರನ್ನು ಬರೆಯುವುದು ಸರಿಯಲ್ಲ. ಶಂ.ಬಾ. ಜೋಶಿಯವರಂತೆ ‘ಕಂನಾಡು’ ಎಂದು ಬೇಕೆಂದೇ ಬೇರೆಯಾಗಿ ಬರೆದವರ ಶೀರ್ಷಿಕೆಗಳನ್ನಂತೂ ತಿದ್ದಲೇಬಾರದು. ‘ಕನ್ನಾಡು’ ಎಂದು ಹುಡುಕುವವರಿಗೆ ಉಲ್ಲೇಖವೊಂದು ಸಾಕು.

ಈ ಭಾಗದ ಚರಿತ್ರೆ ಓದುವವರು ಕೇಳುವ ‘ಬೆಳಗಾವಿ ಗ್ಯಾಜೆಟಿಯರ್’ ಬೇರೊಂದು ಬಗೆಯ ಉದಾಹರಣೆ. 1884ರ ಅದು ಬಾಂಬೆ ಪ್ರೆಸಿಡೆನ್ಸಿ ಗ್ಯಾಜೆಟಿಯರ್‌ನ 21ನೆಯ ಸಂಪುಟ. ಅದರಲ್ಲಿ ಬೈಲಹೊಂಗಲ ಸಂಪಗಾಂವ ತಾಲೂಕಿನಲ್ಲಿದೆ, ಸವದತ್ತಿ ಪರಸಗಡ ತಾಲೂಕಿನಲ್ಲಿ; ರಾಮದುರ್ಗ ಆಗ ಬೇರೆ ಸಂಸ್ಥಾನ. 1987ರ ಜಿಲ್ಲಾ ಗ್ಯಾಜೆಟಿಯರ್ ಕರ್ನಾಟಕ ರಾಜ್ಯದ ಸಾಲಿಗೆ ಸೇರಿದ್ದು. ಎರಡಕ್ಕೂ ‘ಬೆಳಗಾವಿ’ ಎಂಬ ಸಂಪುಟದ ಹೆಸರು ಒಂದೇ ಆದ್ದರಿಂದ ದೊಡ್ಡ ಸಾಲಿನ ಹೆಸರು ದಾಖಲೆಯಲ್ಲಿ ಕಾಣದಿದ್ದರೆ ನೂರು ವರ್ಷದ ಅಂತರವೇ ಮರೆಯಾಗುತ್ತದೆ.

ಮರುಮುದ್ರಣಗಳ ಬಗ್ಗೆ ಒಂದು ಮಾತು ಸಾಕು. ಒಮ್ಮೆ ಒಂದು ಮಾಲೆಯಲ್ಲಿ ಬಂದ ಪುಸ್ತಕ ಮುಂದೆ ಅಕಾಡೆಮಿಯದೋ ಸರ್ಕಾರದ್ದೋ ಬೇರೆ ಮಾಲೆಯಲ್ಲಿ ಮತ್ತೆ ಬರುತ್ತದೆ. ಕೈಯಲ್ಲಿರುವ ಪ್ರತಿ ಯಾವ ಮಾಲೆಯದೋ ಅದನ್ನೇ ಬರೆಯಬೇಕು, ಹಳೆಯದು ಟಿಪ್ಪಣಿಗೆ.

ಮಾಲೆಯ ಪುಸ್ತಕಗಳನ್ನು ಕಪಾಟಿನಲ್ಲಿ ಒಟ್ಟಿಗೆ ಇಡಬೇಕೇ, ವಿಷಯಕ್ಕೆ ತಕ್ಕಂತೆ ಹಂಚಬೇಕೇ ಎಂಬುದು ಸೂಚೀಕರಣಕ್ಕೆ ಹೊರತಾದರೂ ಅದರೊಂದಿಗೆ ಹೆಣೆದುಕೊಂಡಿದೆ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814, ಕರ್ನಾಟಕದ ಚರಿತ್ರೆ 954.87. ಒಂದು ವಿಶ್ವವಿದ್ಯಾಲಯದ ಉಪನ್ಯಾಸ ಮಾಲೆಯಲ್ಲಿ ಪಂಪನೂ ಇರಬಹುದು, ಪರಮಾಣುವೂ ಇರಬಹುದು. ಅವನ್ನು ಒಂದೇ ಕಡೆ ಇಟ್ಟರೆ ಭೌತಶಾಸ್ತ್ರದ ಓದುಗರಿಗೆ ಒಂದು ಒಳ್ಳೆಯ ಪುಸ್ತಕ ತಪ್ಪಿತು. ಆದ್ದರಿಂದ ವಯಸ್ಕರ ಮಾಲೆಗಳನ್ನು ವಿಷಯವಾರು ಹಂಚುವುದೇ ಸರಿ. ಮಾಲೆಯಾಗಿ ಅವನ್ನು ಕೂಡಿಸುವ ಹೊಣೆ ಸೂಚಿಯದು. ಮಕ್ಕಳ ಹೊತ್ತಿಗೆಗಳನ್ನು ಮಾತ್ರ ಒಟ್ಟಿಗೇ ಇಡುವುದು ಮೇಲು. ಒಂದನ್ನು ಓದಿದ ಮಗು ಮುಂದಿನದಕ್ಕೆ ಕೈ ಚಾಚುವುದು ಸಂಖ್ಯೆಯ ಕ್ರಮದಲ್ಲಿಯೇ.

ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ತಂತ್ರಾಂಶ, ಮುಕ್ತ ತಂತ್ರಾಂಶವಾದ ಕೋಹಾ ಎರಡರಲ್ಲೂ ಮಾಲೆಗೆ ಜಾಗವಿದೆ. ಯುನಿಕೋಡ್ ಬಂದ ಮೇಲೆ ಕನ್ನಡ ಲಿಪಿಯಲ್ಲೇ ದಾಖಲೆ ಮಾಡುವುದಕ್ಕೆ ತಾಂತ್ರಿಕ ಅಡ್ಡಿ ಉಳಿದಿಲ್ಲ. ಹಿಂದೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ತುಂಬಿದ ಪಟ್ಟಿಗಳನ್ನು ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುವುದುಂಟು. ‘ಗ್ರಂಥ’, ‘ಶ್ರೀ’, ‘ಕರ್ನಾಟಕ’ ಎಂಬ ಪದಗಳನ್ನೇ ಮೊದಲು ಪರೀಕ್ಷಿಸಬೇಕು, ಯಾಕೆಂದರೆ ಮಾಲೆಗಳ ಹೆಸರುಗಳಲ್ಲಿ ತುಂಬಿರುವುದು ಇವೇ.

ಈ ನಾಲ್ಕು ತಾಲೂಕುಗಳ ಗ್ರಂಥಾಲಯಗಳಿಗೆ ಬೇಕಾಗಿರುವುದು ಹೊಸ ನಿಯಮವಲ್ಲ, ಎಲ್ಲರೂ ಬಳಸುವ ಒಂದು ಪಟ್ಟಿ. ಈ ಭಾಗದ ಕಪಾಟುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾಲೆಗಳ ಸ್ಥಿರ ಹೆಸರು, ಅದರ ಬೇರೆ ರೂಪಗಳು, ಪ್ರಕಾಶಕರು ಮತ್ತು ಊರು, ಸಂಪಾದಕರು, ಎಣಿಕೆಯ ಬಗೆ ಇಷ್ಟು ಕಲಂಗಳಿರುವ ಆ ಪಟ್ಟಿಯನ್ನು ಜಿಲ್ಲಾ ಕೇಂದ್ರ ಗ್ರಂಥಾಲಯವೂ ಕಾಲೇಜುಗಳ ಗ್ರಂಥಪಾಲಕರೂ ಕೂಡಿ ಮಾಡಿದರೆ ಹಳ್ಳಿಯ ಗ್ರಂಥಾಲಯ ಮೇಲ್ವಿಚಾರಕರು ಅದನ್ನು ನೋಡಿ ಬರೆದುಕೊಂಡರಾಯಿತು. ಪರಿಗ್ರಹಣ ವಹಿಯಲ್ಲಿ ‘ಮಾಲೆ ಮತ್ತು ಸಂಖ್ಯೆ’ ಎಂಬ ಕಲಂ ಇಂದೇ ಗೆರೆ ಎಳೆದು ಸೇರಿಸಬಹುದಾದದ್ದು. ಪ್ರಕಾಶಕರೂ ಮಠಗಳೂ ತಮ್ಮ ಪಾಲಿನದನ್ನು ಮಾಡಲಿ: ಮಾಲೆಯ ಹೆಸರನ್ನು ಒಂದೇ ಕಾಗುಣಿತದಲ್ಲಿ, ಸಂಖ್ಯೆಯೊಂದಿಗೆ, ಪ್ರತಿ ಪುಸ್ತಕದ ಶೀರ್ಷಿಕೆ ಪುಟದಲ್ಲೇ ಅಚ್ಚು ಹಾಕಲಿ.